ಹಲ್ಲಿಗೆ ಸಿಕ್ಕ ಮಣ್ಣು

“ಮೇಷ್ಟ್ರ ಹಲ್ಲಿನ ಸಂದಿಯಲ್ಲಿ ಮಣ್ಣು ಸಿಕ್ಕಿದೆ,” ಎಂದರು ಡಾಕ್ಟರು ಫೋನಿನಲ್ಲಿ. “ತಿಂಡಿ ಕೆಟ್ಟು ಹೀಗಾಗಿದ್ದಲ್ಲ ಇನ್‌ಸ್ಪೆಕ್ಟರೇ. ಇದು ಕೀಟನಾಶಕ. ಆ ಮಣ್ಣಿನ ಜೊತೆಗೇ ಬಾಯಿಗೆ ಹೋಗಿದೆ.”

ಇನ್‌ಸ್ಪೆಕ್ಟರ್ ನಿಧಾನಿ ತಲೆಯೆತ್ತಿ ನೋಡಿದ. ಎದುರಿಗೆ ಆರು ಮೇಜು, ಮೇಜಿಗೊಂದರಂತೆ ಆರು ಅಗಲವಾದ ಡಬ್ಬಿ, ಒಂದೊಂದು ಡಬ್ಬಿಯ ಸುತ್ತಲೂ ನಾಲ್ಕೈದು ಮಕ್ಕಳು. ಎಲ್ಲರ ಕೈಯೂ ಮಣ್ಣಿನೊಳಗಿತ್ತು. ಕಿಟಕಿ ಪಕ್ಕದ ಡಬ್ಬಿಯ ಮುಂದೆ ನಿಂತು, ಒದ್ದೆ ಮಣ್ಣನ್ನು ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ಪಟ್ಟಿಯ ಹಾಗೆ ಎಳೆಯುತ್ತಿದ್ದವಳು ಅವನ ಅಕ್ಕನ ಮಗಳು ಚೂಟಿ.

ಅವನು ನೋಡುತ್ತಿದ್ದ ಹಾಗೆಯೇ ಚೂಟಿ ಆ ಪಟ್ಟಿಯ ತುದಿಯನ್ನು ಚಿವುಟಿ ಬಾಯಿಗೆ ಹಾಕಿಕೊಂಡಳು.

ಠಾಣೆಯಲ್ಲಿ ಅವನಿಗೆ ನಿಧಾನಿ ಎಂದು ಹೆಸರಿಟ್ಟವರು ಆ ಕ್ಷಣದಲ್ಲಿ ಅಲ್ಲಿದ್ದಿದ್ದರೆ ಹೆಸರು ವಾಪಸು ತೆಗೆದುಕೊಳ್ಳುತ್ತಿದ್ದರು. ಎರಡು ಬೆಂಚು ದಾಟಿ, ಒಬ್ಬ ಹೆಡ್‌ಮಾಸ್ಟರರ ಕಾಲು ತುಳಿದು, ಹುಡುಗಿಯ ದವಡೆ ಹಿಡಿದು “ಉಗಿ” ಎಂದ. ಆಮೇಲೆ ಇಡೀ ಹಾಲಿಗೆ ಕೇಳುವಂತೆ, ಯಾರೂ ಏನನ್ನೂ ಮುಟ್ಟಬಾರದು, ಕೈಗಳನ್ನು ಮೇಲೆತ್ತಿ ಗೋಡೆ ಪಕ್ಕಕ್ಕೆ ಹೋಗಿ ನಿಲ್ಲಬೇಕು ಎಂದು ಹೇಳಿದ. ಮಕ್ಕಳು ಹೋದರು. ದೊಡ್ಡವರು ಮಾತ್ರ ನಿಂತಲ್ಲೇ ನಿಂತು ಕಾರಣ ಕೇಳಿದರು.

ಬೆಳಿಗ್ಗೆ, ಕೃಷಿ ಕಾಲೇಜಿನ ಓಪನ್ ಡೇಯಲ್ಲಿ ಹೈಸ್ಕೂಲು ಮಕ್ಕಳ ಮಣ್ಣು ಗುರುತಿಸುವ ಸ್ಪರ್ಧೆ ಶುರುವಾಗುವ ಹೊತ್ತಿಗೆ, ಹಿರಿಯ ತೀರ್ಪುಗಾರರೂ ಮಣ್ಣು ವಿಭಾಗದ ಮುಖ್ಯಸ್ಥರೂ ಆದ ಮಣ್ಣಿನ ಮೇಷ್ಟ್ರು ಜೊಲ್ಲು ಸುರಿಸುತ್ತ ಕುಸಿದು ಬಿದ್ದಿದ್ದರು. ಎಲ್ಲರೂ ಕ್ಯಾಂಟೀನಿನವನನ್ನು ಬೈದು, ಅವರನ್ನು ಆಸ್ಪತ್ರೆಗೆ ಸಾಗಿಸಿ, ಸ್ಪರ್ಧೆ ಮುಂದುವರಿಸಿದ್ದರು.

ನಿಧಾನಿ ಅಲ್ಲಿಗೆ ಬಂದದ್ದು ಪೊಲೀಸನಾಗಿ ಅಲ್ಲ. ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅಕ್ಕನ ಕೈಚೀಲ ಹೊತ್ತು ಮಾವನಾಗಿ ಬಂದಿದ್ದ. ಹಸುಗಳಿಗೆ ಅಂಕ ಕೊಡುವ ಸ್ಪರ್ಧೆ ನೋಡಿ, ಕಳೆ ಗಿಡ ಗುರುತಿಸುವ ಮಕ್ಕಳನ್ನು ನೋಡಿ, ನೆರಳಲ್ಲಿ ಒಂದು ಕುರ್ಚಿ ಹಿಡಿದು ಕಣ್ಣು ಮುಚ್ಚುವ ಯೋಚನೆಯಿತ್ತು. ಪಾಪ, ಪೊಲೀಸರ ರಜೆ ಅಂದರೆ ನಾಯಿಯ ನಿದ್ದೆ.

“ಮಣ್ಣು ಯಾಕೆ ತಿಂದೆ?” ಎಂದು ಚೂಟಿಯನ್ನು ಕೇಳಿದ.

“ತಿನ್ನಲಿಲ್ಲ ಮಾಮ. ಮುಂದಿನ ಹಲ್ಲಲ್ಲಿ ಕಚ್ಚಿ ನೋಡಿದೆ. ಎಲ್ರೂ ನೋಡ್ತಾರೆ.”

ಅದು ನಿಜವಾಗಿತ್ತು. ಇದನ್ನು ಬಿಡಿಸಿ ಹೇಳಿದವರು ಮಣ್ಣು ವಿಭಾಗದ ಎರಡನೆಯ ಸ್ಥಾನದ ಪ್ರಾಧ್ಯಾಪಕಿ. ಕಾಲೇಜಿನಲ್ಲಿ ಮೇಡಂ ಅಂದರೆ ಅವರೊಬ್ಬರೇ. ಒದ್ದೆ ಮಣ್ಣಿನಲ್ಲಿ ನಯವಾದ ಹೂಳು ಎಷ್ಟು, ಜೇಡಿ ಎಷ್ಟು ಎಂದು ಬೆರಳಿಗೆ ಕೆಲವು ಸಲ ಗೊತ್ತಾಗುವುದಿಲ್ಲ. ಚಿಟಿಕೆಯಷ್ಟನ್ನು ಮುಂದಿನ ಹಲ್ಲುಗಳ ನಡುವೆ ಇಟ್ಟು ಮೆಲ್ಲಗೆ ಕಚ್ಚಿದರೆ, ಹೂಳು ಕರಕರ ಅನ್ನುತ್ತದೆ, ಜೇಡಿ ಬೆಣ್ಣೆಯ ಹಾಗೆ ಜಾರುತ್ತದೆ. ಮೇಷ್ಟ್ರು ಸರ್ವಿಸ್ಸು ಪೂರ್ತಿ ಹೀಗೆಯೇ ನೋಡಿದವರು. ಶಾಲೆ ಶಾಲೆಗೆ ಹೋಗಿ ಮಕ್ಕಳಿಗೂ ಅದನ್ನೇ ಕಲಿಸಿದ್ದರು. ಬೆರಳು ಸುಳ್ಳು ಹೇಳಬಹುದು, ಹಲ್ಲು ಹೇಳುವುದಿಲ್ಲ ಎಂಬುದು ಅವರ ಮಾತಂತೆ.

ಮೇಷ್ಟ್ರ ಬಾಯಿಗೆ ವಿಷ ಹಾಕಬೇಕೆಂದವನು ಅವರ ಊಟವನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಅವರು ತಾವಾಗಿ ಬಾಯಿಗೆ ಹಾಕಿಕೊಳ್ಳುವುದು ಏನೆಂದು ಊರಿಗೆಲ್ಲ ಗೊತ್ತಿತ್ತು. ಅದೇ ಮಣ್ಣನ್ನು ಆಮೇಲೆ ಮಕ್ಕಳೂ ಕಚ್ಚುತ್ತಾರೆ ಎನ್ನುವುದೂ ಗೊತ್ತಿತ್ತು.

ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬಾಯಿ ತೆರೆಸಿದ. ಅರ್ಧಕ್ಕರ್ಧ ಮಕ್ಕಳ ಹಲ್ಲಿನಲ್ಲಿ ಕಂದು ಗೆರೆ. ಎಲ್ಲರಿಗೂ ನಲ್ಲಿಯಲ್ಲಿ ಬಾಯಿ ಮುಕ್ಕಳಿಸುವಂತೆ ಹೇಳಿ, ಕಣ್ಣಿನ ಪಾಪೆ ನೋಡಿದ. ಮೇಷ್ಟ್ರ ಪಾಪೆ ಸೂಜಿಮೊನೆಯಷ್ಟಾಗಿತ್ತು ಎಂದು ಡಾಕ್ಟರು ಹೇಳಿದ್ದರು. ಮಕ್ಕಳದು ನೆಟ್ಟಗಿತ್ತು. ಯಾರಿಗೂ ಬೆವರಿಲ್ಲ, ಹೊಟ್ಟೆನೋವಿಲ್ಲ. ಒಬ್ಬನಿಗೆ ಹಸಿವಾಗಿತ್ತು, ಅಷ್ಟೆ.

ಅದೂ ಅವನಿಗೆ ಸಮಾಧಾನ ಕೊಡಲಿಲ್ಲ. ವಿಷ ಕಚ್ಚಿದ ಮೇಷ್ಟ್ರು ಆಸ್ಪತ್ರೆಯಲ್ಲಿ, ಅದೇ ಡಬ್ಬಿಗಳನ್ನು ಕಚ್ಚಿದ ಮಕ್ಕಳು ಎದುರಿಗೆ ಕುಣಿಯುತ್ತಿದ್ದಾರೆ. ಎರಡೂ ಹೇಗೆ ನಿಜವಾಗುತ್ತದೆ?

ಕೆಳಗಿನ ಮಹಡಿಯಲ್ಲೇ ಬೆಳೆಗಳಲ್ಲಿ ಉಳಿದ ಕೀಟನಾಶಕವನ್ನು ಪರೀಕ್ಷಿಸುವ ಪ್ರಯೋಗಾಲಯವಿತ್ತು. ನಿಧಾನಿ ಮೇಡಂ ಕಡೆ ತಿರುಗಿ, ಸ್ಪರ್ಧೆಗೆ ಇಟ್ಟ ಡಬ್ಬಿಗಳನ್ನೆಲ್ಲ ಕೊಡಿ ಎಂದ. ಆರಿವೆ ಎಂದು ಹೇಳಿ ಅವರು ಜರಡಿಗೆ ಸನ್ನೆ ಮಾಡಿದರು. ಜರಡಿ ಅಂದರೆ ವಿಭಾಗದ ಅಟೆಂಡರು. ಮಣ್ಣು ಜರಡಿ ಹಿಡಿಯುವುದೇ ಅವನ ಕೆಲಸವಾಗಿ ಹೆಸರೂ ಅದೇ ಆಗಿತ್ತು. ಅವನೂ ನಿಧಾನಿಯೂ ಸೇರಿ ಆರು ಡಬ್ಬಿಗಳನ್ನು ಹೊತ್ತು ಕೆಳಗೆ ಇಳಿಸಿದರು. ಮಕ್ಕಳು ಮಣ್ಣು ಕಲಸಿಕೊಂಡ ನೀರಿನ ಬಾಟಲಿಗಳೂ ಹೋದವು. ಠಾಣೆಯಿಂದ ಬಂದ ಪೇದೆಯನ್ನು ಪ್ರಯೋಗಾಲಯದ ಬಾಗಿಲಲ್ಲಿ ಕೂರಿಸಿದ್ದಾಯಿತು.

ಇನ್ನು ಕಾಯುವುದು. ನಿಧಾನಿಗೆ ಎಲ್ಲವೂ ಬರುತ್ತಿತ್ತು, ಇದೊಂದು ಬರುತ್ತಿರಲಿಲ್ಲ. ಹಾಲಿನಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಹಾಲಿಗೆ ನಡೆದ. ಹೊರಗೆ ಧ್ವನಿವರ್ಧಕದಲ್ಲಿ ಬೀಜ ಗುರುತಿಸುವ ಸ್ಪರ್ಧೆಯ ವಿಜೇತರನ್ನು ಕೂಗುತ್ತಿದ್ದರು. ಎಲ್ಲೋ ಒಂದು ಟ್ರ್ಯಾಕ್ಟರು ಹೊಗೆಬಿಡುತ್ತ ಗುಡುಗುಡು ಅನ್ನುತ್ತಿತ್ತು. ಓಪನ್ ಡೇ ತನ್ನ ಪಾಡಿಗೆ ತಾನು ನಡೆದಿತ್ತು, ಮದುವೆಮನೆಯಲ್ಲಿ ಹಿಂದಿನ ಕೋಣೆಯಲ್ಲಿ ಜಗಳವಾಗುತ್ತಿದ್ದರೂ ಮುಂದೆ ವಾಲಗ ಊದುವಂತೆ.

“ನೀನೇನು ಮರಿ ಹಾಕಿದ ಬೆಕ್ಕಿನ ಹಾಗೆ ಓಡಾಡ್ತಿದೀಯ,” ಎಂದಳು ಅಕ್ಕ. “ಕೂತ್ಕೋ. ನಿನ್ನ ನೋಡಿ ನಂಗೆ ಎದೆ ಹೊಡ್ಕೊಳ್ತಿದೆ.”

ಚೂಟಿಯನ್ನು ಮನೆಗೆ ಕರೆದುಕೊಂಡು ಹೋಗು ಎಂದು ಅವನು ಹೇಳಿ ನೋಡಿದ. ಚೂಟಿ ಒಪ್ಪಲಿಲ್ಲ. ಎರಡು ವರ್ಷದಿಂದ ಸಿಕ್ಕಸಿಕ್ಕ ಹೊಲದ ಮಣ್ಣನ್ನು ಪೊಟ್ಟಣ ಕಟ್ಟಿ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಕಲಸಿದವಳು ಅವಳು. ಹೋದ ವರ್ಷ ಎರಡನೆಯ ಸ್ಥಾನ ಬಂದಾಗ ಮೂರು ದಿನ ಯಾರ ಹತ್ತಿರವೂ ಮಾತಾಡಿರಲಿಲ್ಲ. ಗೆದ್ದವರಿಗೆ ಈ ಕಾಲೇಜಿನಲ್ಲೇ ಸೀಟು ಕಾದಿರುತ್ತದೆ ಎಂದು ಮೇಷ್ಟ್ರು ಹೇಳಿದ್ದರಂತೆ. ಅಕ್ಕನೂ ಮಗಳ ಕಡೆಗೇ ವಾಲಿದಳು.

ಪ್ರಯೋಗಾಲಯದಿಂದ ಫಲಿತಾಂಶ ಬಂತು. ಆರೂ ಡಬ್ಬಿಗಳಲ್ಲಿ ಏನೂ ಇಲ್ಲ. ನೀರಿನಲ್ಲೂ ಇಲ್ಲ.

ಡೀನ್ ಸಾಹೇಬರು ಅದಕ್ಕೇ ಕಾದಿದ್ದವರಂತೆ ಮೇಲೆ ಬಂದರು. ಎಲ್ಲ ಶಾಲೆಗಳ ಮೇಷ್ಟ್ರುಗಳೂ ಕೂಗಾಡುತ್ತಿದ್ದಾರೆ, ಮಧ್ಯಾಹ್ನ ಬಹುಮಾನ ಕೊಡಲು ಅತಿಥಿಗಳು ಬರುತ್ತಾರೆ, ಮಣ್ಣು ಶುದ್ಧ ಎಂದು ನಮ್ಮ ಪ್ರಯೋಗಾಲಯವೇ ಹೇಳಿದ ಮೇಲೆ ಇನ್ನೇನು ಎಂದರು. ಅಷ್ಟರಲ್ಲಿ ನಿಧಾನಿಯ ಮೇಲಧಿಕಾರಿಯೂ ಫೋನು ಮಾಡಿ, ರಜೆಯಲ್ಲಿರುವವನು ರಜೆಯಲ್ಲಿರುವಂತೆ ಇರಬೇಕು ಎಂಬರ್ಥದ ಮಾತು ಆಡಿದರು. ಅತ್ತ ದರಿ, ಇತ್ತ ಪುಲಿ. ನಿಧಾನಿ ಒಂದು ಷರತ್ತಿನ ಮೇಲೆ ಒಪ್ಪಿದ: ಯಾವ ಮಗುವೂ ಮಣ್ಣನ್ನು ಬಾಯಿಗೆ ಹಾಕಬಾರದು. ಅದನ್ನು ಕಟ್ಟುನಿಟ್ಟಾಗಿ ಹೇಳಿದ್ದೂ ಆಯಿತು. ಆ ಒಪ್ಪಿಗೆಗಾಗಿ ಆಮೇಲೆ ಅವನು ತನ್ನನ್ನು ತಾನು ಬೈದುಕೊಂಡ ಬೈಗುಳಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಹೊಸ ಲೆಕ್ಚರರ್ ಒಬ್ಬ ಗಂಟೆ ಬಾರಿಸಿದ. ಜರಡಿ ಡಬ್ಬಿಗಳನ್ನು ಮತ್ತೆ ಮೇಜಿನ ಮೇಲಿಟ್ಟ. ಮಕ್ಕಳು ಮತ್ತೆ ಮಣ್ಣಿಗೆ ಕೈಯಿಟ್ಟರು.

ಡಬ್ಬಿ ಇಡುತ್ತಿದ್ದ ಜರಡಿ ನಿಧಾನಿಯ ಪಕ್ಕಕ್ಕೆ ಬಂದು, ಕಸ ಗುಡಿಸುವವನಂತೆ ನೆಲ ನೋಡುತ್ತ, ಹೋದ ವಾರ ಮೇಷ್ಟ್ರ ಕೋಣೆಯಲ್ಲಿ ದೊಡ್ಡ ಜಗಳವಾಯಿತು ಎಂದು ತಿಳಿಸಿದ. ಮೇಡಂ ಬಾಗಿಲು ದಡಾರನೆ ಹಾಕಿಕೊಂಡು ಹೊರಗೆ ಬಂದರಂತೆ. ಬರುವಾಗ ಒಂದು ಮಾತು ಅಂದರಂತೆ. ಮಣ್ಣು ತಿಂದೇ ಸಾಯ್ತೀರಿ ನೀವು ಅಂತ.

ನಿಧಾನಿ ಮೇಡಂ ಅವರನ್ನು ಮೇಷ್ಟ್ರ ಕೋಣೆಗೆ ಕರೆದ.

ಕೋಣೆ ಕಾರಿಡಾರಿನ ಕೊನೆಗಿತ್ತು. ಕಿಟಕಿಯ ಕೆಳಗೆ ಒಂದು ಸಿಂಕು, ಅದರ ಪಕ್ಕದಲ್ಲಿ ಗಾಜಿನ ಲೋಟ, ಒದ್ದೆ ಟವೆಲು. ಗೋಡೆಯುದ್ದಕ್ಕೂ ಉದ್ದುದ್ದ ಗಾಜಿನ ಕೊಳವೆಗಳಲ್ಲಿ ಪದರ ಪದರ ಮಣ್ಣು. ಮೇಷ್ಟ್ರ ಕನ್ನಡಕ ಮೇಜಿನ ಮೇಲೇ ಬಿದ್ದಿತ್ತು. ಮೇಡಂ ಅದನ್ನೆತ್ತಿ ಮಡಿಸಿ ಪೆಟ್ಟಿಗೆಯೊಳಗೆ ಇಟ್ಟರು.

“ಕೂತ್ಕೊಳ್ಳಿ,” ಎಂದ ನಿಧಾನಿ.

“ನಿಂತೇ ಇರ್ತೀನಿ. ಹಾಲ್‌ನಲ್ಲಿ ನನ್ನ ಕೆಲಸ ಇದೆ.”

“ಮಣ್ಣು ತಿಂದೇ ಸಾಯ್ತೀರಿ ಅಂದ್ರಂತೆ.”

ಮೇಡಂ ಮುಖದಲ್ಲಿ ಗಾಬರಿ ಕಾಣಲಿಲ್ಲ. ಸುಸ್ತು ಕಂಡಿತು. ಅಂದೆ ಎಂದು ಒಪ್ಪಿಕೊಂಡರು. ಒಂದು ಸಲವಲ್ಲ, ನೂರು ಸಲ ಅಂದಿದ್ದೇನೆ ಎಂದರು. ಈಗಿನ ಹೊಲಗಳಿಗೆ ಯಾರ್‍ಯಾರು ಏನೇನು ಸುರಿಯುತ್ತಾರೋ ದೇವರಿಗೇ ಗೊತ್ತು. ಅಲ್ಲಿಯ ಮಣ್ಣನ್ನು ತಂದು ಹಲ್ಲಿಗೆ ಹಾಕಿಕೊಳ್ಳುವುದಷ್ಟೇ ಅಲ್ಲ, ಮಕ್ಕಳಿಗೂ ಕಲಿಸುತ್ತೀರಲ್ಲ ಎಂಬುದೇ ಜಗಳವಂತೆ. ಬೇಡ ಎಂದು ಬೇಡಿಕೊಂಡವಳನ್ನೇ ಹಿಡಿದು ಕೇಳುತ್ತಿದ್ದೀರಿ ಎಂದು ನಕ್ಕರು. ಆ ನಗು ತುಟಿಯಿಂದ ಮೇಲೆ ಹೋಗಲಿಲ್ಲ.

“ಮೇಷ್ಟ್ರು ನಿವೃತ್ತಿ ಆಗಿದ್ರೆ ಆ ಕುರ್ಚಿ ನಿಮ್ದು,” ಎಂದ ನಿಧಾನಿ. “ಅವರಿಗೆ ಇನ್ನೆರಡು ವರ್ಷ ಕೊಟ್ಟಿದಾರೆ ಅಂತ ಡೀನ್ ಹೇಳಿದ್ರು. ನಿಮಗೆ ಬೇಜಾರಾಗ್ಲಿಲ್ವಾ?”

“ಆಯ್ತು. ರಾತ್ರಿ ಅತ್ತೆ ಕೂಡ. ಬೇಜಾರಾದವರೆಲ್ಲ ವಿಷ ಹಾಕೋ ಹಾಗಿದ್ರೆ ಈ ಕಾಲೇಜಲ್ಲಿ ಪಾಠ ಮಾಡೋಕೆ ಯಾರೂ ಉಳೀತಿರ್ಲಿಲ್ಲ.” ಸ್ವಲ್ಪ ತಡೆದು ಅವರು ಮತ್ತೆ ಕೇಳಿದರು: “ಇದನ್ನೆಲ್ಲ ಹೇಳಿದ್ದು ಜರಡಿ ತಾನೆ? ತನ್ನ ಮಗಳೂ ಸ್ಪರ್ಧೆಲಿದಾಳೆ ಅಂತ ಹೇಳಿದ್ನಾ?”

ಹೇಳಿರಲಿಲ್ಲ.

ನಿಧಾನಿಯ ಮನಸ್ಸು ಹಾಲಿನ ಕಡೆಗೆ ಓಡಿತು. ಡಬ್ಬಿಗಳಿಗೆ ಮಣ್ಣು ತುಂಬುವವನು ಜರಡಿ, ಬೆಳಿಗ್ಗೆ ಜೋಡಿಸಿದವನು ಜರಡಿ, ಈಗ ಮಕ್ಕಳ ನಡುವೆ ಓಡಾಡುತ್ತಿರುವವನೂ ಜರಡಿ. ಇಂಥವನ ಮಗಳು ಸ್ಪರ್ಧಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಅವನು ಬೇಕಾದಷ್ಟು ಕಂಡಿದ್ದ. ಪಕ್ಕದವನ ಹೆಗಲು ತೋರಿಸುವವರನ್ನೂ ಕಂಡಿದ್ದ. ಇಲ್ಲಿ ಇಬ್ಬರೂ ಒಬ್ಬರ ಹೆಗಲನ್ನು ಇನ್ನೊಬ್ಬರು ತೋರಿಸುತ್ತಿದ್ದರು.

ಕೈಗೆ ಏನಾದರೂ ಕೆಲಸ ಬೇಕಾಗಿ ಅವನು ಸಿಂಕಿನ ಪಕ್ಕದ ಲೋಟ ಎತ್ತಿಕೊಂಡ. ಅದರೊಳಗೆ ಐಸ್‌ಕ್ರೀಮ್ ತಿನ್ನುವ ಚಪ್ಪಟೆ ಮರದ ಚಮಚಗಳಿದ್ದವು. ಒಂದೊಂದರ ತುದಿಗೂ ಒಣಗಿದ ಮಣ್ಣು ಮೆತ್ತಿತ್ತು.

ಅದು ಮೇಷ್ಟ್ರ ಪದ್ಧತಿ ಎಂದರು ಮೇಡಂ. ಸ್ಪರ್ಧೆಗೆ ಮುಂಚೆ ಸರಿಯುತ್ತರ ಗೊತ್ತು ಮಾಡುವಾಗ ಅವರು ಡಬ್ಬಿಗೊಂದು ಹೊಸ ಚಮಚ ಬಳಸುತ್ತಾರೆ. ಒಂದು ಮಣ್ಣು ಇನ್ನೊಂದಕ್ಕೆ ಬೆರೆಯಬಾರದು. ಕಚ್ಚಿ, ಉಗಿದು, ಬಾಯಿ ಮುಕ್ಕಳಿಸಿ ಮುಂದಿನದಕ್ಕೆ ಹೋಗುತ್ತಾರೆ.

ನಿಧಾನಿ ಚಮಚಗಳನ್ನು ಟವೆಲಿನ ಮೇಲೆ ಸಾಲಾಗಿ ಇಟ್ಟ. ಕಪ್ಪು. ಇಟ್ಟಿಗೆ ಕೆಂಪು. ಹಳದಿ ಬೆರೆತ ಕಂದು. ತೆಳು ಕಂದು. ಮರಳು ಮರಳಾದ ಬಿಳಿ. ಕಾಫಿಪುಡಿಯ ಬಣ್ಣ. ಈ ಆರನ್ನೂ ಅವನು ತನ್ನ ಕೈಯಾರೆ ಹೊತ್ತು ಮೆಟ್ಟಿಲಿಳಿದಿದ್ದ, ತೋಳಿನ ಮೇಲೆ ಅವುಗಳ ಧೂಳು ಇನ್ನೂ ಇತ್ತು.

ಕೊನೆಗೊಂದು ಚಮಚ ಉಳಿಯಿತು. ಅದಕ್ಕೆ ಮೆತ್ತಿದ್ದದ್ದು ಬೂದು ಬಣ್ಣದ, ಸ್ವಲ್ಪ ನೀಲಿಗೆ ತಿರುಗಿದ ಮಣ್ಣು.

“ಇದು ಯಾವ ಡಬ್ಬೀದು?”

ಮೇಡಂ ಅವರ ಕೈ ಮೆಲ್ಲಗೆ ಮೇಜಿನ ಅಂಚನ್ನು ಹಿಡಿಯಿತು.

“ಮೇಡಂ, ಸ್ಪರ್ಧೆ ಡಬ್ಬಿಗಳನ್ನೆಲ್ಲ ಕೊಡಿ ಅಂದೆ ನಾನು. ನೀವು ಆರು ಕೊಟ್ರಿ.”

“ಏಳನೇದನ್ನ ನಾವು ಲೆಕ್ಕಕ್ಕೇ ಹಿಡಿಯಲ್ಲ,” ಎಂದರು ಅವರು. ದನಿ ಬದಲಾಗಿತ್ತು. “ನಂಗೆ ನೆನಪೇ ಆಗ್ಲಿಲ್ಲ ಇನ್‌ಸ್ಪೆಕ್ಟರೇ. ನನ್ನಾಣೆ.”

ಮಾತು ತುಂಡು ತುಂಡಾಗಿ ಹೊರಬಂತು. ಇಬ್ಬರಿಗೆ ಸಮ ಅಂಕ ಬಂದರೆ ನಿರ್ಣಯಕ್ಕೆಂದು ಪ್ರತಿ ವರ್ಷ ಒಂದು ಏಳನೆಯ ಡಬ್ಬಿ ಇರುತ್ತದೆ. ಮೇಷ್ಟ್ರು ತಾವೊಬ್ಬರೇ ಹೋಗಿ ಮಣ್ಣು ತರುತ್ತಾರೆ, ಎಲ್ಲಿಂದ ಎಂದು ಯಾರಿಗೂ ಹೇಳುವುದಿಲ್ಲ. ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ. ಹಿಂದೊಮ್ಮೆ ಉತ್ತರ ಸೋರಿಹೋದದ್ದರಿಂದ, ಸಮ ಅಂಕ ಬರುವ ತನಕ ಆ ಡಬ್ಬಿಯ ಮಾತನ್ನೇ ಎತ್ತಬಾರದು ಎಂಬುದು ವಿಭಾಗದ ಕಟ್ಟಳೆ. ಡೀನ್ ಕೇಳಿದರೂ ಆರೇ ಎನ್ನಬೇಕು. ಸಮ ಅಂಕ ಬಂದು ಎಷ್ಟೋ ವರ್ಷವಾಗಿತ್ತು. ಯಾರು ಎಷ್ಟು ಡಬ್ಬಿ ಎಂದು ಕೇಳಿದರೂ ಬಾಯಿ ತಾನಾಗಿ ಆರು ಎನ್ನುವಷ್ಟು ರೂಢಿಯಾಗಿತ್ತು.

ಪೊಲೀಸರು ಕೇಳಿದಾಗಲೂ ಬಾಯಿ ಆರು ಎಂದಿತ್ತು.

ಬೀಗದ ಕೈ ಯಾರ ಹತ್ತಿರ ಎಂದು ಕೇಳಿದ ನಿಧಾನಿ. ಎರಡಿವೆ ಎಂದರು ಮೇಡಂ. ಒಂದು ಮೇಷ್ಟ್ರ ಹತ್ತಿರ. ಇನ್ನೊಂದು ಜರಡಿಯ ಹತ್ತಿರ.

ಆಗಲೇ ಹಾಲಿನ ಕಡೆಯಿಂದ ಚಪ್ಪಾಳೆ ಕೇಳಿಸಿತು. ಒಂದು ಸಲ ಜೋರಾಗಿ, ಆಮೇಲೆ ಇನ್ನೊಂದು ಸಲ.

“ಎರಡು ಸಲ ಯಾಕೆ ತಟ್ಟಿದ್ರು?” ಎಂದ.

ಮೇಡಂ ಆಗಲೇ ಬಾಗಿಲು ದಾಟಿದ್ದರು. “ಇಬ್ಬರ ಹೆಸರು ಕೂಗಿದಾರೆ,” ಎಂದರು.

ಕಾರಿಡಾರು ಮಕ್ಕಳಿಂದ ತುಂಬಿಹೋಗಿತ್ತು. ತಲೆಗೆ ಸೆಗಣಿ ಬಣ್ಣದ ಕಾಗದದ ಟೋಪಿ ಹಾಕಿಕೊಂಡ ಚಿಳ್ಳೆಪಿಳ್ಳೆಗಳು, ಸಸಿಯ ಕುಂಡ ಹಿಡಿದವರು, ಕೋಳಿಮರಿ ನೋಡಲು ಸಾಲು ನಿಂತವರು. ನಿಧಾನಿ ಎಲ್ಲರನ್ನೂ ತಳ್ಳಿಕೊಂಡು ಓಡಿದ. ಹಾಲಿನ ಬಾಗಿಲಲ್ಲಿ ಅಕ್ಕ ಮುಖವರಳಿಸಿಕೊಂಡು ನಿಂತಿದ್ದಳು.

“ನಮ್ಮ ಚೂಟಿ ಒಂದನೇ ಸ್ಥಾನ ಕಣೋ. ಆದ್ರೆ ಇನ್ನೊಬ್ಬ ಹುಡುಗೀಗೂ ಅಷ್ಟೇ ಅಂಕವಂತೆ. ಇಬ್ಬರನ್ನೂ ಒಳಗೆ ಕರ್ಕೊಂಡು ಹೋದ್ರು, ಇನ್ನೊಂದು ಡಬ್ಬಿ…”

ಅವನು ಅವಳ ಮಾತು ಮುಗಿಯಲು ಬಿಡಲಿಲ್ಲ. ಎಲ್ಲಿ ಎಂದ. ಅಕ್ಕ ಪಕ್ಕದ ಸಣ್ಣ ಕೋಣೆಯ ಕಡೆಗೆ ಕೈ ತೋರಿಸಿದಳು. ತೋರಿಸಿದ ಕೈ ಹಾಗೆಯೇ ಗಾಳಿಯಲ್ಲಿ ನಿಂತಿತು. ತಮ್ಮನ ಮುಖ ಓದಲು ಅವಳಿಗೆ ಬೇರೆ ಭಾಷೆ ಬೇಕಿರಲಿಲ್ಲ.

ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಇಬ್ಬರೂ ಉತ್ತರ ಬರೆದು ಮಡಿಸುವ ತನಕ ತೆರೆಯಬಾರದು ಎಂಬುದು ಅಲ್ಲಿಯ ಇನ್ನೊಂದು ಕಟ್ಟಳೆ. ನಿಧಾನಿ ಎರಡು ಸಲ ಬಡಿದ. ಮೂರನೆಯ ಸಲ ಭುಜ ಕೊಟ್ಟ. ಚಿಲಕ ಕಿತ್ತು ಬಂತು.

ಹೊಸ ಲೆಕ್ಚರರ್ ಕಪ್ಪು ಹಲಗೆಯ ಕಡೆಗೆ ಮುಖ ಮಾಡಿ, ಕೈ ಹಿಂದೆ ಕಟ್ಟಿ ನಿಂತಿದ್ದ. ನಿರ್ಣಯದ ಹೊತ್ತಿನಲ್ಲಿ ಮೇಲ್ವಿಚಾರಕರು ಬೆನ್ನು ತಿರುಗಿಸಿ ನಿಲ್ಲಬೇಕು, ಮುಖದಿಂದ ಸುಳಿವು ಸಿಗಬಾರದು ಎಂದು ಅವನಿಗೆ ಯಾರೋ ಹೇಳಿಕೊಟ್ಟಿದ್ದರು. ಅವನು ಅದನ್ನು ಚಾಚೂ ತಪ್ಪದೆ ಪಾಲಿಸಿದ್ದ. ಆ ಬೆನ್ನಿನ ಹಿಂದೆ ಒಂದು ಮೇಜು, ಮೇಜಿನ ಮೇಲೆ ಬೂದುನೀಲಿ ಮಣ್ಣಿನ ಡಬ್ಬಿ, ಅತ್ತ ಇತ್ತ ಇಬ್ಬರು ಹುಡುಗಿಯರು.

ಚೂಟಿ ಕೈಯನ್ನು ಬೆನ್ನ ಹಿಂದೆ ಅಡಗಿಸಿದಳು. ಕೆಳದುಟಿಯ ಮೇಲೆ ಬೂದು ಬಣ್ಣದ ಗೀಟು ಒಂದು ಉಳಿದಿತ್ತು.

“ಒಂದೇ ಒಂದು ಚೂರು ಮಾಮ,” ಎಂದಳು. “ಬೆರಳಿಗೆ ಗೊತ್ತಾಗ್ಲಿಲ್ಲ.”

ನಿಧಾನಿ ಅವಳನ್ನು ಎತ್ತಿಕೊಂಡ. ಎಂಟು ವರ್ಷದವಳಿದ್ದಾಗ ಎತ್ತಿದ್ದೇ ಕೊನೆ, ಈಗ ಅವನ ಭುಜದುದ್ದ ಬೆಳೆದಿದ್ದಳು, ಭಾರವೇ ಗೊತ್ತಾಗಲಿಲ್ಲ. ನಲ್ಲಿಯ ಕೆಳಗೆ ಅವಳ ತಲೆ ಬಗ್ಗಿಸಿ ಬಾಯಿ ಮುಕ್ಕಳಿಸುವಂತೆ ಮಾಡಿದ, ಮತ್ತೆ ಮಾಡಿದ, ಕರವಸ್ತ್ರದಿಂದ ನಾಲಿಗೆ ಹಲ್ಲು ಎಲ್ಲ ಒರೆಸಿದ. ಮೇಡಂ ಆಸ್ಪತ್ರೆಗೆ ಫೋನು ಹಚ್ಚಿ, ಒಂದು ಮಗುವನ್ನು ಕರೆತರುತ್ತಿದ್ದೇವೆ, ಅದೇ ಮಣ್ಣು ಎಂದು ಹೇಳುತ್ತಿದ್ದರು. ಪೇದೆ ಜೀಪು ತರಲು ಓಡಿದ. ಅಕ್ಕ ಮಗಳ ಜಡೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು ನಿಂತಳು, ಬಿಟ್ಟರೆ ಹೋಗಿಬಿಡುತ್ತಾಳೆ ಎನ್ನುವಂತೆ.

“ನುಂಗಿದ್ಯಾ?”

“ಇಲ್ಲ. ಉಗಿದೆ.” ಚೂಟಿ ತೋಳಿನಿಂದ ಬಾಯಿ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು. “ಮಾಮ, ಬಾಯಲ್ಲಿ ನೀರು ಬರ್ತಾನೇ ಇದೆ.”

ಅವಳ ಹಣೆಯಲ್ಲಿ ಬೆವರು ಮೂಡಿತ್ತು. ಗಾಬರಿಯದೋ, ಬೇರೆಯದೋ, ನಿಧಾನಿಗೆ ತಿಳಿಯಲಿಲ್ಲ. ಪಾಪೆ ನೋಡಿದ. ಕಿಟಕಿಯ ಬೆಳಕಿಗೆ ಯಾರ ಪಾಪೆಯಾದರೂ ಸಣ್ಣದಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ನಂಬಿಕೆ ಬರಲಿಲ್ಲ.

ಕೆಳಗೆ ಜೀಪು ಬಂದು ನಿಂತ ಸದ್ದಾಯಿತು. ಅಕ್ಕ, ಮೇಡಂ ಇಬ್ಬರೂ ಸೇರಿ ಚೂಟಿಯನ್ನು ಮೆಟ್ಟಿಲ ಕಡೆಗೆ ನಡೆಸಿದರು. ಹಿಂದೆಯೇ ಹೊರಟ ನಿಧಾನಿಯ ಅಂಗಿಯನ್ನು ಚೂಟಿ ಹಿಡಿದೆಳೆದಳು. ತುಟಿಯ ಅಂಚಿನಿಂದ ಜೊಲ್ಲು ಇಳಿಯುತ್ತಿದ್ದರೂ ಅವಳು ಹೇಳಬೇಕಾದ್ದನ್ನು ಹೇಳಿಯೇ ಬಿಟ್ಟಳು.

“ಆ ಹುಡುಗೀನ ಬೈಬೇಡ ಮಾಮ. ಅವಳು ನನ್ನ ಕೈ ಹಿಡ್ಕೊಂಡ್ಲು. ಬೇಡ ಬೇಡ ಅಂದ್ಲು. ಗೆಲ್ಲೋಕೆ ಹಾಗಂತಾಳೆ ಅಂದ್ಕೊಂಡೆ ನಾನು. ಬೆಳಿಗ್ಗೆ ಆರೂ ಡಬ್ಬೀನ ಅವಳೂ ಕಚ್ಚಿದ್ಲಲ್ಲ. ಇದನ್ನ ಮಾತ್ರ ಯಾಕೆ ಬೇಡ ಅಂತಾಳೆ ಅಂತ.”

ಜೀಪು ಹೋಯಿತು. ನಿಧಾನಿ ಮೆಟ್ಟಿಲ ಮೇಲೆ ಅರೆಗಳಿಗೆ ನಿಂತ. ಅವನ ಮನಸ್ಸು ಜೀಪಿನ ಹಿಂದೆ ಓಡುತ್ತಿತ್ತು, ಕಾಲು ವಾಪಸು ಕೋಣೆಗೆ ನಡೆಯಿತು.

ಜರಡಿಯ ಮಗಳು ಇನ್ನೂ ಡಬ್ಬಿಯ ಪಕ್ಕದಲ್ಲೇ ಇದ್ದಳು. ಎರಡು ಜಡೆ, ಕಾಲರು ಸವೆದ ಯೂನಿಫಾರ್ಮು, ಮೊಣಕೈತನಕ ಮಣ್ಣು. ಬಾಗಿಲಲ್ಲಿ ಜರಡಿ ಪ್ರತ್ಯಕ್ಷನಾಗಿ ಮಗಳ ಮುಂದೆ ಅಡ್ಡ ನಿಂತ. ಅವನ ಸೊಂಟದಲ್ಲಿ ಬೀಗದ ಕೈಗಳ ಗೊಂಚಲು ತೂಗುತ್ತಿತ್ತು. ಸಾಹೇಬರೇ, ಮಗು ಅದು, ಅದಕ್ಕೇನೂ ಗೊತ್ತಿಲ್ಲ, ಕೇಳುವುದಿದ್ದರೆ ನನ್ನನ್ನು ಕೇಳಿ ಎಂದು ಕೈ ಮುಗಿದ.

ನಿಧಾನಿ ಅವನನ್ನು ಪಕ್ಕಕ್ಕೆ ಸರಿಸಿದ. ಇವನನ್ನು ಕೇಳುವ ಅಗತ್ಯವೇ ಇಲ್ಲ ಎಂದು ಅವನಿಗೆ ಅನ್ನಿಸಿತ್ತು. ಬೀಗದ ಕೈ ಇವನದು, ಮಗಳು ಇವನವಳು, ಮಗಳನ್ನು ಎಚ್ಚರಿಸಿದವನೂ ಇವನೇ. ಹುಡುಗಿಯ ಬಾಯಿಂದ ಒಂದು ಪದ ಬಂದರೆ ಸಾಕಿತ್ತು. ಅವನು ನೆಲಕ್ಕೆ ಮಂಡಿಯೂರಿ, ತನ್ನ ದನಿಯನ್ನು ಆದಷ್ಟು ಮೆತ್ತಗೆ ಮಾಡಿಕೊಂಡ.

“ಹೆದರ್ಬೇಡ ಪುಟ್ಟಿ. ಈ ಡಬ್ಬೀಲಿ ವಿಷ ಇದೆ ಅಂತ ನಿಂಗೆ ಅಪ್ಪ ಹೇಳಿದ್ರಾ?”

ಹುಡುಗಿ ಅಪ್ಪನನ್ನು ನೋಡಿದಳು. ಆಮೇಲೆ ತಲೆ ಅಲ್ಲಾಡಿಸಿದಳು.

“ಅಪ್ಪ ಅಲ್ಲ. ಮಣ್ಣಿನ ಮೇಷ್ಟ್ರೇ ಹೇಳಿದ್ದು. ನಿನ್ನೆ ಸಂಜೆ, ಈ ಡಬ್ಬೀನ ಅವರೇ ಕಪಾಟಿಗೆ ಇಡುವಾಗ.”

ಹಾಗಾದರೆ ವಿಷವಿದೆ ಎಂದು ಗೊತ್ತಿದ್ದೂ ಬೆಳಿಗ್ಗೆ ಆ ಏಳನೆಯ ಚಮಚವನ್ನು ಮೇಷ್ಟ್ರು ತಾವಾಗಿಯೇ ಬಾಯಿಗೆ ಇಟ್ಟುಕೊಂಡಿದ್ದರು.